ಎಪ್ಪತ್ತಕ್ಕೆ ಐದು ಕಡಿಮೆ

“ಅರವತ್ತೈದು,” ಅಂದಳು ನನ್ನಾಕೆ.

“ಇನ್ನೊಂದು ಸಲ ಕೂಡು.”

“ಮೂರು ಸಲ ಕೂಡಿದೀನಿ ರೀ. ಕೂಡಿದಷ್ಟೂ ಬೆಳೆಯೋಕೆ ಇದೇನು ಚೀಟಿ ದುಡ್ಡಾ?”

ಯುಗಾದಿಗೆ ಇನ್ನೊಂದು ವಾರವಿತ್ತು. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ, ಒಂಬತ್ತನೇ ಮಹಡಿಯ ನಮ್ಮ ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಗೂ ಮಗಳ ಬಣ್ಣದ ಪೆನ್ಸಿಲ್ಲಿಗೂ ನಡುವೆ ಒಂದು ಹಾಳೆ ಬಿದ್ದಿತ್ತು. ಆ ಹಾಳೆಯ ಮೇಲೆ ನಾನು ಬಿದ್ದಿದ್ದೆ, ಅಂಕಗಳಾಗಿ. ನನ್ನಂಥವರನ್ನು ತೂಗಲೆಂದು ಜಪಾನ್ ಸರ್ಕಾರ ಇಟ್ಟಿರುವ ತಕ್ಕಡಿಯಲ್ಲಿ ಎಪ್ಪತ್ತು ಬಂದರೆ ಪಾಸು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಮೇಷ್ಟ್ರು ಕರುಣೆ ತೋರಿಸಿ ದಾಟಿಸಿದ್ದು ನೆನಪಾಯಿತು. ಇಲ್ಲಿ ಗ್ರೇಸ್ ಮಾರ್ಕ್ಸ್ ಕೊಡುವ ಮೇಷ್ಟ್ರಿಲ್ಲ. ಇದ್ದವಳು ನನ್ನ ಹೆಂಡತಿ.

ಹೊರನಾಡಿನಲ್ಲಿ ದುಡಿಯುವವನಿಗೆ ನಮ್ಮ ಭಾಷೆ ಮೊದಲೇ ಹೆಸರಿಟ್ಟಿದೆ: ಪರದೇಶಿ. ಜಪಾನಿನವರು ಅದನ್ನೇ ಎಟಿಎಂ ಕಾರ್ಡಿನಷ್ಟಗಲದ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿ, ಫೋಟೊ ಸಮೇತ ಕೊಡುತ್ತಾರೆ. ಅದರ ಹೆಸರು ಝೈರ್ಯೂ ಕಾರ್ಡ್. ಹಾಲು ತರಲು ಕೆಳಗಿಳಿದರೂ ಜೇಬಿನಲ್ಲಿರಬೇಕು, ಅದು ಕಾನೂನು. ಕಾರ್ಡಿನಲ್ಲಿ ಹೆಸರು, ವಿಳಾಸ ಎಲ್ಲ ಇರುತ್ತವೆ. ಆದರೆ ಪ್ರಾಣ ಇರುವುದು ಒಂದೇ ಸಾಲಿನಲ್ಲಿ. ನೀವು ಈ ದೇಶದಲ್ಲಿ ಏನಾಗಿ ಇದ್ದೀರಿ ಎಂಬ ಸಾಲು ಅದು.

ಹೆಸರಿನ ವಿಷಯ ಬಂತು, ಹೇಳಿಬಿಡುತ್ತೇನೆ. ನಮ್ಮ ಕಡೆ ಸರ್‌ನೇಮ್ ಎಂಬ ಪದಾರ್ಥವಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾನೆ ಖಾಲಿ ಬಿಡಬಾರದೆಂದು ಏಜೆಂಟ್ ಹೆದರಿಸಿದ. ಇನಿಷಿಯಲ್‌ನಲ್ಲಿದ್ದ ‘ಎಚ್’ ಅನ್ನು ಹಿಗ್ಗಿಸಿ ಹೊಳೆನರಸೀಪುರ ಅಂತ ತುಂಬಿಸಿದೆ. ಪರಿಣಾಮ, ಈ ದೇಶದಲ್ಲಿ ನನ್ನ ಮನೆತನವೇ ಹೊಳೆನರಸೀಪುರ. ಇವರ ನಾಲಗೆಗೆ ‘ಳ’ ಒಗ್ಗುವುದಿಲ್ಲ. ದಂತವೈದ್ಯರಲ್ಲಿ, ವಾರ್ಡ್ ಕಚೇರಿಯಲ್ಲಿ, ಎಲ್ಲ ಕಡೆಯೂ “ಹೊರೆನಾರಾಶಿಪುರಾ-ಸಾಮಾ” ಎಂದು ತಲೆಬಾಗಿ ಕರೆಯುತ್ತಾರೆ. ನಾಲ್ಕು ವರ್ಷದ ಮಗಳು ಶಿಶುವಿಹಾರದಲ್ಲಿ ಹೊರೆನಾರಾಶಿಪುರಾ-ಚಾನ್. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ಗುಲಾಬಿ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ನೇತುಹಾಕಿಕೊಂಡು ದಿನಾ ಬೆಳಗ್ಗೆ ಶಾಲೆಗೆ ಹೋಗುತ್ತದೆ.

ಆರು ವರ್ಷದಿಂದ ನನ್ನ ಕಾರ್ಡಿನ ಆ ಸಾಲು ‘ಗಿಜಿಂಕೊಕು’. ತಂತ್ರಜ್ಞಾನ, ಮಾನವಿಕ ಜ್ಞಾನ, ಅಂತರರಾಷ್ಟ್ರೀಯ ವ್ಯವಹಾರ ಎಂಬ ಮಾರುದ್ದದ ಹೆಸರನ್ನು ಬಿಬಿಎಂಪಿ ಮಾಡಿದ ಹಾಗೆ ಮೊಟಕು ಮಾಡಿದ್ದು. ಇಲ್ಲಿ ಆಫೀಸಿಗೆ ಹೋಗುವ ನಮ್ಮವರ ಪೈಕಿ ಬಹಳಷ್ಟು ಮಂದಿ ಇದೇ ಜಾತಿ. 2000ನೇ ಇಸವಿಯ ಹೊಸ್ತಿಲಲ್ಲಿ ಕಂಪ್ಯೂಟರುಗಳು ಕೈಕೊಡುತ್ತವೆಂಬ ಭಯ ಹುಟ್ಟಿದಾಗ ಬಂದಿಳಿದ ಭಾರತೀಯ ಎಂಜಿನಿಯರುಗಳು ತೋಝಾಯ್ ಮೆಟ್ರೊ ಲೈನಿನ ಈ ಸ್ಟೇಷನ್ ಸುತ್ತ ಬೀಡುಬಿಟ್ಟರು. ಅವರ ಹಿಂದೆ ತೊಗರಿಬೇಳೆ ಬಂತು, ಅದರ ಹಿಂದೆ ನಾನು ಬಂದೆ.

ಇಷ್ಟು ದಿನ ಗಿಜಿಂಕೊಕು ಚೆನ್ನಾಗೇ ಇತ್ತು. ಕೆಡಿಸಿದ್ದು ಸಂಕ್ರಾಂತಿಯ ಊಟ. ಕನ್ನಡದವರು ನಾಲ್ಕು ಮನೆಯವರು ಸೇರಿದ್ದೆವು. ಮೊದಲೆಲ್ಲ ಗಂಡಸರು ಸಂಬಳ ಎಷ್ಟು ಅಂತ ಸುತ್ತಿಬಳಸಿ ಕೇಳುತ್ತಿದ್ದರು. ಈಗ ಗೋತ್ರ ಕೇಳಿದ ಹಾಗೆ ನೇರವಾಗಿ, “ನಿಮ್ದು ಯಾವ್ದು?” ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು “ಗಿಜಿಂಕೊಕು” ಅಂದೆ. ಇಡೀ ಕೋಣೆ ಒಂದು ಕ್ಷಣ ನನಗಾಗಿ ಮರುಗಿತು.

“ಇನ್ನೂ?” ಅಂದರು ಒಬ್ಬರು. ಮದುವೆ ಮನೆಯಲ್ಲಿ “ಇನ್ನೂ ವಿಶೇಷ ಇಲ್ವಾ?” ಅಂತ ಕೇಳುತ್ತಾರಲ್ಲ, ಅದೇ ದನಿ.

ಅವರದು ‘ಕೋದೊ ಸೆಮ್ಮೊನ್ಶೊಕು’, ಉನ್ನತ ಪರಿಣತ ವೃತ್ತಿಪರರ ದರ್ಜೆ. ಇನ್ನೊಬ್ಬರದು ‘ಏಯ್‌ಜೂ’, ಕಾಯಂ ವಾಸ. ಕಾಯಂ ಆದವರು ಸಾಮಾನ್ಯವಾಗಿ ಮಾತಾಡುವುದಿಲ್ಲ, ನಗುತ್ತಾರೆ ಅಷ್ಟೆ. ಅವರಿಗೆ ವೀಸಾ ನವೀಕರಣವಿಲ್ಲ. ಕೆಲವು ವರ್ಷಕ್ಕೊಮ್ಮೆ ಕಾರ್ಡಿನ ಪ್ಲಾಸ್ಟಿಕ್ ಬದಲಾಯಿಸಿದರೆ ಸಾಕು. ಬ್ಯಾಂಕಿನವರು ಕರೆದು ಮನೆ ಸಾಲ ಕೊಡುತ್ತಾರೆ. ಬೇಕಾದರೆ ಕೆಲಸ ಬಿಟ್ಟು ಬೇಕರಿ ಇಡಬಹುದು. ವಾಡಿಕೆಯಂತೆ ಹತ್ತು ವರ್ಷ ಈ ದೇಶದಲ್ಲಿ ಇದ್ದವರಿಗೆ ಆ ಭಾಗ್ಯ. ಆದರೆ 2012ರಲ್ಲಿ ಶುರುವಾದ ಅಂಕಪದ್ಧತಿಗೆ 2017ರಲ್ಲಿ ಒಂದು ಒಳದಾರಿ ತೆರೆದರು. ಎಪ್ಪತ್ತು ಅಂಕವಿದ್ದವರಿಗೆ ಮೂರೇ ವರ್ಷ, ಎಂಬತ್ತಿದ್ದವರಿಗೆ ಒಂದೇ ವರ್ಷ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನಾಕೆ ಮಾತಾಡಲಿಲ್ಲ. ಲಿಫ್ಟಿನಲ್ಲಿ ಮಾತ್ರ ಕೇಳಿದಳು: “ನಿಮಗೆ ಎಷ್ಟು ಬರುತ್ತೆ?”

ನಾನು ಜಾಣತನದಿಂದ ಎರಡು ತಿಂಗಳು ಮುಂದೂಡಿದೆ. ಅದರ ಫಲವೇ ಯುಗಾದಿಗೆ ಮುಂಚಿನ ಈ ಭಾನುವಾರ.

ನಮ್ಮ ಮದುವೆಗೂ ಸಾಲಾವಳಿ ನೋಡಿದ್ದರು. ಮೂವತ್ತಾರು ಗುಣಕ್ಕೆ ಹದಿನೆಂಟು ಕೂಡಿದರೆ ಸಾಕು, ನಮಗೆ ಇಪ್ಪತ್ತೂವರೆ ಬಂದಿತ್ತು. ಆ ಅರ್ಧ ಗುಣ ಯಾರದು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಜಪಾನಿನ ಜೋಯಿಸರಿಗೆ ರಾಶಿ ನಕ್ಷತ್ರ ಬೇಡ. ಓದು, ಅನುಭವ, ಸಂಬಳ, ವಯಸ್ಸು ಹೇಳಿದರೆ ಸಾಕು. ಡಾಕ್ಟರೇಟಿಗೆ ಮೂವತ್ತು, ಮಾಸ್ಟರ್ಸ್‌ಗೆ ಇಪ್ಪತ್ತು, ನನ್ನ ಬಿ.ಇ.ಗೆ ಹತ್ತು. ನಾಲ್ಕು ವರ್ಷದ ಕೋರ್ಸನ್ನು ಐದು ವರ್ಷ ಶ್ರದ್ಧೆಯಿಂದ ಓದಿದ್ದಕ್ಕೆ ಹೆಚ್ಚುವರಿ ಏನೂ ಇಲ್ಲ. ಹತ್ತು ವರ್ಷ ಮೀರಿದ ಅನುಭವಕ್ಕೆ ಇಪ್ಪತ್ತು. 82 ಲಕ್ಷ ಯೆನ್ ಸಂಬಳಕ್ಕೆ ಮೂವತ್ತು. (ಅಮ್ಮ ಊರಿನಲ್ಲಿ “ನನ್ ಮಗನಿಗೆ 82 ಲಕ್ಷ” ಅಂತ ಹೇಳುತ್ತಾಳೆ. ಯೆನ್ ಎಂಬ ಮಾತು ಅವಳಿಗೆ ನೆನಪಿರುವುದಿಲ್ಲ.) ಉಳಿದದ್ದು ವಯಸ್ಸು. ಮೂವತ್ತರೊಳಗಿನವರಿಗೆ ಹದಿನೈದು, ಮೂವತ್ತೈದರೊಳಗೆ ಹತ್ತು, ನಲವತ್ತರೊಳಗೆ ಐದು. ನಲವತ್ತು ತುಂಬಿದವರಿಗೆ ಏನು ಕೊಡುತ್ತಾರೆಂದು ಹುಡುಕಿದೆ. ಆ ಸಾಲನ್ನೇ ಅಚ್ಚು ಹಾಕಿಲ್ಲ.

“ನಿಮಗೆ ಸೆಪ್ಟೆಂಬರ್ ಹನ್ನೊಂದಕ್ಕೆ ನಲವತ್ತು,” ಅಂದಳು. “ಅವತ್ತಿಗೆ ಅರವತ್ತಾಗ್ತೀರಿ.”

ಹೆಂಡತಿಯ ಬಾಯಲ್ಲಿ ಒಂದೇ ಏಟಿಗೆ ನಲವತ್ತೂ ಅರವತ್ತೂ ಆದ ಗಂಡಸು ನಾನೊಬ್ಬನೇ ಇರಬೇಕು.

ಅವಳು ಇಷ್ಟು ಹಟ ಹಿಡಿಯಲು ಕಾರಣ ಪ್ರತಿಷ್ಠೆಯೊಂದೇ ಅಲ್ಲ. ಆ ಉನ್ನತ ದರ್ಜೆಗೆ ಒಂದಷ್ಟು ವರ ಕೊಟ್ಟಿದ್ದಾರೆ. ಒಂದೇ ಏಟಿಗೆ ಐದು ವರ್ಷದ ವೀಸಾ. ಗಂಡಹೆಂಡಿರ ಆದಾಯ ಸೇರಿ ಒಂದು ಕೋಟಿ ಯೆನ್ ದಾಟಿದರೆ, ನಿಯಮಕ್ಕೆ ಒಳಪಟ್ಟು, ಮನೆಕೆಲಸದವರನ್ನೇ ಹೊರದೇಶದಿಂದ ಕರೆಸಿಕೊಳ್ಳಬಹುದು. ಅವರಿಗೆ ತಿಂಗಳಿಗೆ ಕಡಿಮೆಯೆಂದರೂ ಎರಡು ಲಕ್ಷ ಯೆನ್ ಕೊಡಬೇಕು. ಅದನ್ನು ಓದಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಇಷ್ಟು ದಿನ ಎಂಥ ಸಂಬಳ ಬಿಟ್ಟುಕೊಟ್ಟಿದ್ದೇನೆಂದು ಹೊಟ್ಟೆ ಉರಿಯಿತು.

ಮುಖ್ಯ ವರ ಇನ್ನೊಂದು: ತಂದೆತಾಯಿಯರನ್ನು ಕರೆಸಿ ಜೊತೆಗೆ ಇಟ್ಟುಕೊಳ್ಳಬಹುದು. ಜಪಾನಿನಲ್ಲಿ ದುಡಿಯುವ ಬೇರೆಯವರಿಗೆ, ಕಾಯಂ ಆದವರಿಗೆ ಕೂಡ, ಸಾಮಾನ್ಯವಾಗಿ ಈ ಅನುಕೂಲವಿಲ್ಲ. ಷರತ್ತುಗಳಿವೆ. ಮನೆಯ ಆದಾಯ 80 ಲಕ್ಷ ಯೆನ್ ಮುಟ್ಟಬೇಕು. ಏಳು ವರ್ಷದೊಳಗಿನ ಮಗುವಿನ ಆರೈಕೆಗೋ ಬಸುರಿಯ ಆರೈಕೆಗೋ ಬರಬೇಕು. ಒಂದೇ ಮನೆಯಲ್ಲಿ ಇರಬೇಕು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗುವಿಗೆ ಜ್ವರ 37.5 ದಾಟಿದರೆ ಶಿಶುವಿಹಾರದಿಂದ ಫೋನ್ ಬರುತ್ತದೆ, ಯಾರಾದರೂ ಓಡಬೇಕು. ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ!

“ಅಮ್ಮನ್ನ ಕರೆಸೋಣ,” ಅಂದೆ.

“ಹೂಂ, ಅಮ್ಮನ್ನೇ ಕರೆಸೋಣ,” ಅಂದಳು.

ದಾಂಪತ್ಯದಲ್ಲಿ ನಾವಿಬ್ಬರೂ ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಒಂದು ನಿಮಿಷ ಇಬ್ಬರೂ ಖುಷಿಯಾಗಿ ಕಾಫಿ ಕುಡಿದೆವು. ಆಮೇಲೆ ಅವಳು ಕೊನೆಯ ಷರತ್ತನ್ನು ಗಟ್ಟಿಯಾಗಿ ಓದಿದಳು: ಗಂಡನ ಕಡೆಯ ಹೆತ್ತವರು ಅಥವಾ ಹೆಂಡತಿಯ ಕಡೆಯ ಹೆತ್ತವರು, ಒಂದು ಕಡೆಯವರು ಮಾತ್ರ.

ಕಾಫಿ ತಣ್ಣಗಾಯಿತು.

ಈ ನಿಯಮ ಬರೆದ ಅಧಿಕಾರಿ ಯಾವ ಪುಣ್ಯಾತ್ಮನೋ ಗೊತ್ತಿಲ್ಲ, ಮದುವೆಯಾದವನಂತೂ ಹೌದು. ನಮ್ಮ ಮನೆಯಲ್ಲಿ ಎರಡು ಕೋಣೆ. ಅದರಲ್ಲಿ ಒಂದು ಆರು ತತಾಮಿ ಚಾಪೆಯಷ್ಟು, ಅಂದರೆ ಇಬ್ಬರು ಕಾಲು ಚಾಚಿ ಮಲಗಿದರೆ ಮೂರನೆಯವರು ಪ್ರದಕ್ಷಿಣೆ ಹಾಕಲು ಜಾಗವಿಲ್ಲ. ಇಬ್ಬರು ಬೀಗಿತ್ತಿಯರನ್ನು ಆ ಕೋಣೆಯಲ್ಲಿ ಕೂಡಿಹಾಕುವ ಪಾಪದಿಂದ ಆತ ಸಾವಿರಾರು ಅಳಿಯಂದಿರನ್ನು ಪಾರುಮಾಡಿದ್ದಾನೆ. ಆದರೆ ಒಬ್ಬರನ್ನು ಆರಿಸುವ ಪಾಪವನ್ನು ನಮ್ಮ ತಲೆಗೇ ಕಟ್ಟಿದ್ದಾನೆ.

ಮೊದಲ ವಾರ ಸಭ್ಯವಾಗಿ ಮಾತಾಡಿದೆವು. “ನಿಮ್ಮಮ್ಮನಿಗೆ ಮಂಡಿನೋವು, ಪಾಪ, ಇಲ್ಲಿಯ ಚಳಿ ತಡೆಯೋದಿಲ್ಲ” ಅಂತ ನಾನು. “ನಿಮ್ಮಮ್ಮನಿಗೆ ಊರಲ್ಲಿ ಹಸು, ಅಡಿಕೆ, ಎಷ್ಟು ತಾಪತ್ರಯ” ಅಂತ ಅವಳು. ಎರಡನೇ ವಾರ ಸಭ್ಯತೆ ಮುಗಿಯಿತು. ಅಂಕಪದ್ಧತಿಯ ರುಚಿ ಹತ್ತಿತ್ತಲ್ಲ, ಅದೇ ಹಾಳೆಯ ಹಿಂಬದಿಯಲ್ಲಿ ತಾಯಂದಿರಿಗೂ ಖಾನೆ ಹಾಕಿದೆವು. ರೊಟ್ಟಿ ತಟ್ಟುವ ಕೈ: ನಮ್ಮಮ್ಮನಿಗೆ ಇಪ್ಪತ್ತು. ಮಗುವಿಗೆ ಮಗ್ಗಿ ಹೇಳಿಕೊಡುವುದು: ಅವರಮ್ಮ ರಿಟೈರಾದ ಟೀಚರು, ಇಪ್ಪತ್ತು. ಗೊರಕೆ: ಇಬ್ಬರಿಗೂ ಸಮ. ಧಾರಾವಾಹಿಯ ಚಟ: ಅವರಮ್ಮನಿಗೆ ಮೈನಸ್ ಐದು ಅಂತ ನಾನು ಬರೆದೆ. ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಯಿಸುವ ಚಟ: ನಮ್ಮಮ್ಮನಿಗೆ ಮೈನಸ್ ಹದಿನೈದು ಅಂತ ಅವಳು ಬರೆದಳು, ಪೆನ್ನು ಹಾಳೆಯನ್ನು ತೂತು ಮಾಡುವಷ್ಟು ಒತ್ತಿ. ಹೀಗೇ ಇನ್ನೂ ಹಲವು ಖಾನೆ ತುಂಬಿ, ರಾತ್ರಿ ಹನ್ನೊಂದಕ್ಕೆ ಕೂಡಿ ನೋಡಿದರೆ ಇಬ್ಬರಿಗೂ ಸರಿಯಾಗಿ ಮೂವತ್ತೈದು. ಹಾಳೆ ಹರಿದು ಕಸಕ್ಕೆ ಹಾಕಿದೆವು. ಇಬ್ಬರು ತಾಯಂದಿರಲ್ಲಿ ಒಬ್ಬರಿಗಾದರೂ ಆ ಹಾಳೆ ಸಿಕ್ಕಿದ್ದರೆ ನಾವು ಜಪಾನಿನಲ್ಲೂ ಉಳಿಯುತ್ತಿರಲಿಲ್ಲ, ಕರ್ನಾಟಕದಲ್ಲೂ ಉಳಿಯುತ್ತಿರಲಿಲ್ಲ.

ಯಾರ ಅಮ್ಮ ಅನ್ನುವುದು ಆಮೇಲಿನ ಮಾತು, ಮೊದಲು ನನಗೆ ಐದು ಅಂಕ ಬೇಕಿತ್ತು. 2023ರಲ್ಲಿ ಇನ್ನೊಂದು ದಾರಿ ತೆರೆದಿದ್ದಾರೆ: ಮಾಸ್ಟರ್ಸ್ ಓದಿಯೋ ಹತ್ತು ವರ್ಷ ಅನುಭವವಿದ್ದೋ ಎರಡು ಕೋಟಿ ಯೆನ್ ಸಂಬಳ ಎಣಿಸುವ ಎಂಜಿನಿಯರಿಗೆ ಅಂಕದ ರಗಳೆಯೇ ಇಲ್ಲ. ಆ ಪುಟವನ್ನು ಗೌರವದಿಂದ ಮುಚ್ಚಿದೆವು. ಉಳಿದದ್ದು ಜಪಾನಿ ಭಾಷೆ. ಎನ್2 ಪರೀಕ್ಷೆ ಪಾಸಾದರೆ ಹತ್ತು ಅಂಕ, ಎನ್1 ಆದರೆ ಹದಿನೈದು.

ನನ್ನ ಜಪಾನಿ ಭಾಷೆ ಹೇಗೆಂದರೆ, ಆಫೀಸಿನಲ್ಲಿ ನಾನು ಬಾಯಿಬಿಟ್ಟರೆ ಸಹೋದ್ಯೋಗಿಗಳು ಕೂಡಲೇ ಇಂಗ್ಲಿಷ್ ಕಲಿಯುತ್ತಾರೆ. ಆದರೂ ಜುಲೈ ಪರೀಕ್ಷೆಗೆ ಕಟ್ಟಿದೆ. ಬೆಳಗ್ಗೆ ಐದಕ್ಕೆ ಎದ್ದು ಕಾಂಜಿ ಅಕ್ಷರ ತಿದ್ದಿದೆ. ಮಗಳು ತನ್ನ ಹಿರಾಗಾನ ಪುಸ್ತಕ ತಂದು ಪಕ್ಕದಲ್ಲಿ ಕೂತು, ನನ್ನದನ್ನು ನೋಡಿ, “ಅಪ್ಪ, ಗೆರೆ ಆಚೆ ಹೋಯ್ತು” ಅನ್ನುತ್ತಿದ್ದಳು. ಮೆಟ್ರೊದಲ್ಲಿ ಕಿವಿಗೆ ಸಂಭಾಷಣೆ ಹಾಕಿಕೊಂಡು ನಿದ್ದೆ ಮಾಡಿದೆ. ಆಗಸ್ಟ್ ಕೊನೆಗೆ ಫಲಿತಾಂಶ ಬಂತು.

ನೂರೆಂಬತ್ತಕ್ಕೆ ತೊಂಬತ್ತು ಬಂದರೆ ಪಾಸು. ನನಗೆ ತೊಂಬತ್ತಾರು! ಕೈ ಎತ್ತಿ ಕುಣಿಯುವುದರೊಳಗೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಅನುತ್ತೀರ್ಣ. ಮೂರು ವಿಭಾಗಗಳಿವೆ. ಪ್ರತಿಯೊಂದರಲ್ಲೂ ಅರವತ್ತಕ್ಕೆ ಹತ್ತೊಂಬತ್ತಾದರೂ ಬರಲೇಬೇಕು. ಶಬ್ದ-ವ್ಯಾಕರಣ ದಾಟಿದೆ, ಓದು ದಾಟಿದೆ. ಮೂರನೆಯದರಲ್ಲಿ ಹದಿನೇಳು.

“ಯಾವುದದು ಮೂರನೇದು?” ಅಂದಳು.

“ಅದೇ… ಕೇಳಿಸಿಕೊಳ್ಳೋದು.”

ಅವಳು ಈಳಿಗೆಮಣೆ ಮೇಲಿಂದ ತಲೆ ಎತ್ತಲಿಲ್ಲ. ಬೀನ್ಸ್ ಹೆಚ್ಚುತ್ತಲೇ ಹೇಳಿದಳು: “ಹತ್ತು ವರ್ಷದಿಂದ ನಾನು ಹೇಳ್ತಿದ್ದೆ. ಈಗ ಜಪಾನ್ ಸರ್ಕಾರಾನೇ ಬರೆದು ಕೊಟ್ಟಿದೆ. ಫ್ರೇಮ್ ಹಾಕಿಸೋಣ.”

ಸೆಪ್ಟೆಂಬರ್ ಮೊದಲ ವಾರ, ಕೊನೆಯ ಆಸೆಯಿಂದ, ಒಬ್ಬ ಗ್ಯೋಸೆಯಿಶೋಶಿಯ ಹತ್ತಿರ ಹೋದೆವು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಹೊಂಗೆಮರದ ಕೆಳಗೆ ಪತ್ರಬರಹಗಾರರು ಕೂರುತ್ತಾರಲ್ಲ, ಅವರಿಗೆ ಸೂಟು ಹಾಕಿಸಿ, ಲೈಸೆನ್ಸ್ ಕೊಟ್ಟು, ಎ.ಸಿ. ಕೋಣೆಯಲ್ಲಿ ಕೂರಿಸಿದರೆ ಗ್ಯೋಸೆಯಿಶೋಶಿ. ನರೆಗೂದಲಿನ ಸೌಮ್ಯ ಮನುಷ್ಯ. ನನ್ನ ಫೈಲನ್ನು ಮದುವೆಯ ಲಗ್ನಪತ್ರಿಕೆ ಓದಿದಷ್ಟು ಗೌರವದಿಂದ ಓದಿದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನಾಕೆ ಜಪಾನಿಗೆ ತಿರುಗಿಸುತ್ತಿದ್ದಳು. ನಾನು ನಾಲ್ಕು ಮಾತಾಡಿದರೆ ಅವಳು ಹತ್ತು ಮಾತಾಡುತ್ತಿದ್ದಳು. ಉಳಿದ ಆರು ಏನೆಂದು ನಾನು ಕೇಳಲಿಲ್ಲ. ಕೇಳುವುದರಲ್ಲಿ ನಾನು ಮೊದಲೇ ಫೇಲು.

ಅವರು ಮೂರು ವಿಷಯ ಹೇಳಿದರು. ಒಂದು, ಉನ್ನತ ದರ್ಜೆ ಎಂದರೆ ಕಂಪನಿಯ ಜೊತೆ ಗಂಟು. ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿಯಲ್ಲಿ ಕಂಪನಿಯ ಹೆಸರೇ ಇರುತ್ತದೆ. ಕೆಲಸ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಅರ್ಜಿ ಹಾಕಿ ಅಂಕ ಎಣಿಸಬೇಕು. ಗಿಜಿಂಕೊಕು ಆದರೆ ಅದೇ ಬಗೆಯ ಕೆಲಸಕ್ಕೆ ಹೋಗುವಾಗ ಹದಿನಾಲ್ಕು ದಿನದೊಳಗೆ ತಿಳಿಸಿದರಾಯಿತು. ಎರಡು, ಅಂಕದ ಲೆಕ್ಕದಲ್ಲಿ ಕಾಯಂ ಆಗಲು ಉನ್ನತ ದರ್ಜೆಯ ಕಾರ್ಡೇ ಬೇಕೆಂದಿಲ್ಲ. ಮೂರು ವರ್ಷದ ಹಿಂದೆಯೂ, ಅಲ್ಲಿಂದ ಈಚೆಗೂ ಎಪ್ಪತ್ತು ಅಂಕದವರಾಗಿ ಬಾಳಿದ್ದೀರಿ ಎಂದು ಕಾಗದದಲ್ಲಿ ತೋರಿಸಿದರೆ ಸಾಕು.

ಮೂರನೆಯದಕ್ಕೆ ಅವರು ಕನ್ನಡಕ ತೆಗೆದರು. “ಹೋದ ವರ್ಷದ ಈ ಪೆನ್ಷನ್ ಕಂತು…”

2024ರಲ್ಲಿ ಒಂದು ಕಂಪನಿ ಬಿಟ್ಟು ಇನ್ನೊಂದು ಸೇರುವ ನಡುವೆ ನನಗೆ ಒಂದು ತಿಂಗಳು ಬಿಡುವಿತ್ತು. ಕಂಪನಿಯಲ್ಲಿದ್ದಾಗ ಪೆನ್ಷನ್ ಹಣ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಆ ಒಂದು ತಿಂಗಳಿನದು ಮಾತ್ರ ನಾನೇ ಕಟ್ಟಬೇಕಿತ್ತು, 16,980 ಯೆನ್. ಮನೆಗೆ ಚೀಟಿ ಬಂದಿತ್ತು. ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಬಾರ್‌ಕೋಡ್ ತೋರಿಸಿ ದುಡ್ಡು ಕೊಟ್ಟಿದ್ದರೆ ಎರಡು ನಿಮಿಷದ ಕೆಲಸ. ಚೀಟಿ ಚೆನ್ನಾಗಿ ಗಟ್ಟಿಯಾಗಿತ್ತು, ಉದ್ದಕ್ಕಿತ್ತು. ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ಸಡಿಲವಾಗಿತ್ತು. ಮಡಚಿ ಸಂದಿಗೆ ಸಿಕ್ಕಿಸಿದ್ದೆ. ಮೂರು ವಾರ ತಡವಾಗಿ, ಮುದ್ದೆ ಮಾಡುವ ದಿನ, ಅದು ನಮಗೆ ಮತ್ತೆ ಸಿಕ್ಕಿತು. ಕಟ್ಟಿದೆವು. ಆದರೆ ಕಟ್ಟಿದೆಯಾ ಎಂದಷ್ಟೇ ನೋಡುವುದಿಲ್ಲವಂತೆ, ಗಡುವಿನೊಳಗೆ ಕಟ್ಟಿದೆಯಾ ಎಂದು ನೋಡುತ್ತಾರಂತೆ. ಕಳೆದ ಎರಡು ವರ್ಷದ ಲೆಕ್ಕ ಪೂರ್ತಿ ತೋರಿಸಬೇಕಂತೆ. ನಮ್ಮಲ್ಲಿ ಸೂತಕ ಹತ್ತೋ ಹನ್ನೊಂದೋ ದಿನಕ್ಕೆ ಕಳೆಯುತ್ತದೆ. ಜಪಾನಿನ ಸೂತಕಕ್ಕೆ ಎರಡು ವರ್ಷ.

ನಾನು ತಲೆ ತಗ್ಗಿಸಿ ಕೂತೆ. ಆ ಮನುಷ್ಯ ಫೈಲು ಮುಚ್ಚಿ, ನನ್ನನ್ನು ಬಿಟ್ಟು, ಇಷ್ಟು ಹೊತ್ತು ಲೀಲಾಜಾಲವಾಗಿ ಮಾತಾಡುತ್ತಿದ್ದವಳ ಕಡೆ ತಿರುಗಿ ಎರಡೇ ಪದ ಕೇಳಿದರು: “ಒಕುಸಾಮಾ ವಾ?” ಶ್ರೀಮತಿಯವರದ್ದು?

ಮನೆಯಲ್ಲಿ ಐದು ತಿಂಗಳು ಅಂಕ ಎಣಿಸಿದ್ದೆವು. ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದವಳ ಅಂಕ ಎಷ್ಟೆಂದು ನಾನು ಕೇಳಿರಲಿಲ್ಲ. ನಾನೇ ಮೊದಲು ಬಂದವನು. ಆರು ತಿಂಗಳು ತಡವಾಗಿ ಅವಳು ನನ್ನ ಬೆನ್ನಿಗೆ ‘ಕಝೊಕು ತಾಯ್‌ಝಾಯ್’ ಆಗಿ, ಅಂದರೆ ನನ್ನ ಆಶ್ರಿತೆಯಾಗಿ ಬಂದವಳು. ಆ ಕಾರ್ಡಿನಲ್ಲಿ ಪರವಾನಗಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. “ಸರ್ಕಾರಾನೇ ನಿನಗೆ ರೆಸ್ಟ್ ಕೊಟ್ಟಿದೆ” ಅಂತ ನಾನು ಹಾಸ್ಯ ಮಾಡಿದ್ದೂ ಉಂಟು. ಮಗು ಹುಟ್ಟಿದ ಮೇಲೆ ಅವಳೇ ಕೆಲಸ ಹುಡುಕಿಕೊಂಡು, ತನ್ನದೇ ಗಿಜಿಂಕೊಕು ಮಾಡಿಸಿಕೊಂಡು ಮೂರು ವರ್ಷವಾಗಿತ್ತು.

ಗ್ಯೋಸೆಯಿಶೋಶಿ ಬರೆಯುತ್ತಾ ಹೋದರು. ಮೈಸೂರಿನ ಮಾನಸಗಂಗೋತ್ರಿಯ ಎಂ.ಎಸ್ಸಿ., ಇಪ್ಪತ್ತು. ಬೆಂಗಳೂರಿನ ಮೂರು, ಇಲ್ಲಿಯ ಮೂರು, ಆರು ವರ್ಷದ ಅನುಭವಕ್ಕೆ ಹತ್ತು. ವಯಸ್ಸು ಮೂವತ್ತಮೂರು, ಹತ್ತು. ಏಪ್ರಿಲ್‌ನಲ್ಲಿ 61 ಲಕ್ಷಕ್ಕೇರಿದ ಸಂಬಳ, ಅವಳ ವಯಸ್ಸಿಗೆ ಇಪ್ಪತ್ತು. ಎನ್1, ಹದಿನೈದು.

“ಎನ್1?” ಅಂದೆ.

“ಡಿಸೆಂಬರ್‌ನಲ್ಲಿ ಬರೆದಿದ್ದೆ. ಜನವರಿಯಲ್ಲಿ ರಿಸಲ್ಟ್ ಬಂದಾಗ ಹೇಳಿದ್ದೆ,” ಅಂದಳು. “ನೀವು ಕ್ರಿಕೆಟ್ ನೋಡ್ತಿದ್ರಿ. ಹೂಂ ಅಂದಿದ್ರಿ.”

ಎಪ್ಪತ್ತೈದು.

ಮುಂದಿನ ದಾರಿ ಅವರು ಬೆರಳು ಮಡಚಿ ಹೇಳಿದರು. ಶ್ರೀಮತಿಯವರು ಈ ಎಪ್ಪತ್ತನ್ನು ಮೂರು ವರ್ಷ ಕಾಪಾಡಿಕೊಂಡರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಷ್ಟರಲ್ಲಿ ನನ್ನ ಸೂತಕವೂ ಕಳೆದಿರುತ್ತದೆ. ಕಾಯಂ ಆದವರ ಗಂಡನಿಗೆ ಹತ್ತು ವರ್ಷದ ನಿಯಮವಿಲ್ಲ. ಮದುವೆಯಾಗಿ ಮೂರು ವರ್ಷ ಸಂಸಾರ ಮಾಡಿ, ಜಪಾನಿನಲ್ಲಿ ಒಂದು ವರ್ಷ ಇದ್ದರೆ ಅವನೂ ಅರ್ಜಿ ಹಾಕಬಹುದು. ಅಂದರೆ ನನ್ನ ಓದು, ಅನುಭವ, ಸಂಬಳ ಯಾವುದೂ ಬೇಡ. ಗಂಡ ಅಂತ ಇದ್ದರೆ ಸಾಕು. ಅದು ಮಾತ್ರ ನನಗೆ ಅಭ್ಯಾಸವಿದೆ.

ವಾಪಸು ಬರುವಾಗ ಮೆಟ್ರೊದಲ್ಲಿ ನಾನು ಅವಳ ಬ್ಯಾಗು ಹಿಡಿದುಕೊಂಡೆ. ಕೇಳದೆಯೇ.

ಅಂಕ ಸಿಕ್ಕಿತು, ಅಂದಮೇಲೆ ಅಮ್ಮಂದಿರ ಪ್ರಶ್ನೆ ಮತ್ತೆ ಎದ್ದು ಕೂತಿತು. ಅವಳ ಹೆಸರಿನಲ್ಲೇ ಉನ್ನತ ದರ್ಜೆ ತಗೊಂಡರೆ ಒಬ್ಬ ಅಜ್ಜಿ ಬರಬಹುದು. ಮಗಳಿಗೆ ಏಳು ತುಂಬುವವರೆಗೆ, ಹೆಚ್ಚೆಂದರೆ ಮೂರು ವರ್ಷ. ಆಮೇಲೆ ಕಾಯಂ ಆದರೆ ಅಜ್ಜಿಯ ವೀಸಾ ಮುಂದುವರಿಯುವುದಿಲ್ಲ. ಮಗಳು ಕಾಯಂ ಆದಳು ಎಂಬ ಕಾರಣಕ್ಕೆ ತಾಯಿ ಊರಿಗೆ ಹೊರಡಬೇಕು. ಅಜ್ಜಿ ಬೇಕಾದರೆ ಅವಳು ಕಂಪನಿಯ ಗಂಟು ಹಾಕಿಕೊಳ್ಳಬೇಕು. ಗಂಟು ಬೇಡವಾದರೆ ಅಜ್ಜಿ ಇಲ್ಲ.

“ನಿಮ್ಮಮ್ಮನ್ನೇ ಕರೆಸು,” ಅಂದೆ. ಎಪ್ಪತ್ತೈದು ಅಂಕದ ಎದುರು ಅರವತ್ತೈದು ಅಂಕದವನು ಬೇರೇನು ಹೇಳುವುದು?

ಅವಳು ಮೈಸೂರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಅತ್ತೆಯವರು ಎಲ್ಲ ಕೇಳಿ, “ಬೇಡಮ್ಮ, ನಿಮ್ಮತ್ತೆಯವರನ್ನೇ ಕರೆಸ್ಕೊಳ್ಳಿ. ಗಂಡುಮಕ್ಕಳ ಮನೆ, ಅವರಿರೋದೇ ಚೆಂದ,” ಅಂದರು. ನನ್ನ ಎದೆ ತುಂಬಿ ಬಂತು. ಕೂಡಲೇ ಹೊಳೆನರಸೀಪುರಕ್ಕೆ ಹಚ್ಚಿದೆ.

“ನಾನಾ? ಬ್ಯಾಡ ಕಣಪ್ಪ,” ಅಂದಳು ಅಮ್ಮ. “ನಿಮ್ಮತ್ತೇನೇ ಕರೆಸ್ಕಳಿ. ಓದಿರೋರು, ಮಗೀಗೆ ನಾಕಕ್ಷರ ಬರುತ್ತೆ.”

ಇಬ್ಬರೂ ಇಷ್ಟು ಉದಾರವಾಗಿ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುವುದು ನೋಡಿ ನನಗೆ ಅನುಮಾನ ಬಂತು. “ಅಮ್ಮ, ನೀನು ಅತ್ತೆ ಹತ್ರ ಮಾತಾಡಿದ್ಯಾ?”

ಆ ಕಡೆ ಹಸು ಕೂಗಿತು. ಅಮ್ಮ ಅದಕ್ಕೆ “ಬಂದೆ ಇರು” ಅಂದು, ನನಗೆ ಹೇಳಿದಳು: “ಯುಗಾದಿ ದಿನಾನೇ ಮಾತಾಡ್ಕಂಡ್ವಿ. ಅವರು ಬಂದ್ರೆ ನಂಗೆ ಬೇಜಾರು, ನಾನು ಬಂದ್ರೆ ಅವರಿಗೆ ಬೇಜಾರು ಅಂತ ನೀವಿಬ್ರೂ ಒದ್ದಾಡ್ತಿರೋದು ಗೊತ್ತಿಲ್ವಾ? ಅದೇನೋ ತೊಂಬತ್ತು ದಿನದ್ದು ಐತಂತಲ್ಲ, ನೆಂಟರಾಗಿ ಬಂದು ಹೋಗೋದು, ಅದು ಸಾಕು. ಚಳಿಗೆ ಮುಂಚೆ ನಾನು ಬರ್ತೀನಿ. ಚಳಿ ಬಿಟ್ಮೇಲೆ ಅವರು ಬರ್ತಾರೆ.”

ನಾವು ಐದು ತಿಂಗಳು ಒಂಬತ್ತನೇ ಮಹಡಿಯಲ್ಲಿ ಕೂತು ಯಾವ ದರ್ಜೆ, ಯಾರ ದರ್ಜೆ ಎಂದು ತಲೆ ಚಚ್ಚಿಕೊಂಡಿದ್ದೆವು. ಇಬ್ಬರು ಬೀಗಿತ್ತಿಯರು ಒಂದು ಫೋನಿನಲ್ಲಿ ಋತುಮಾನ ಹಂಚಿಕೊಂಡು ತಮ್ಮ ದರ್ಜೆ ತಾವೇ ಆರಿಸಿದ್ದರು.

ಅಜ್ಜಿ ಬರುವುದಿಲ್ಲವೆಂದ ಮೇಲೆ ಕಂಪನಿಯ ಗಂಟು ಯಾಕೆ? ಇಬ್ಬರೂ ಗಿಜಿಂಕೊಕು ಆಗಿಯೇ ಉಳಿದೆವು. ಐದು ಫೈಲು, ಎರಡು ಪಂಚಿಂಗ್ ಮಷೀನು, ಒಂದು ಫೇಲಾದ ಪರೀಕ್ಷೆಯ ನಂತರ ನಾವು ಆರಿಸಿಕೊಂಡ ಸರಿಯಾದ ದರ್ಜೆ ಎಂದರೆ ಮೊದಲಿನಿಂದ ಇದ್ದದ್ದೇ. ಅವಳ ಎಪ್ಪತ್ತೈದರ ಹಾಳೆ ಮಾತ್ರ ಫ್ರಿಜ್ಜಿನ ಬಾಗಿಲ ಮೇಲೆ ಮೂರು ವರ್ಷದ ವ್ರತಕ್ಕೆ ಕೂತಿದೆ. ಕಾಯಂ ಅರ್ಜಿಯ ಶುಲ್ಕ 2025ರ ಏಪ್ರಿಲ್‌ನಲ್ಲಿ 8,000 ಯೆನ್‌ನಿಂದ 10,000ಕ್ಕೆ ಏರಿದೆ. ಮೂರು ವರ್ಷಕ್ಕೆ ಇನ್ನೆಷ್ಟಾಗುತ್ತದೋ ಎಂದು ಅವಳು ಹುಂಡಿ ಇಟ್ಟಿದ್ದಾಳೆ. ಮನೆಗೆ ಬರುವ ಎಲ್ಲ ಚೀಟಿಗಳು ಈಗ ಅವಳ ಕೈಗೆ. ರಾಗಿ ಡಬ್ಬಕ್ಕೆ ಹೊಸ ಮುಚ್ಚಳ ಬಂದಿದೆ. ಸೆಪ್ಟೆಂಬರ್ ಹನ್ನೊಂದಕ್ಕೆ ನನಗೆ ನಲವತ್ತಾಯಿತು, ಅರವತ್ತೂ ಆಯಿತು. ಕೇಕಿನ ಮೇಲೆ ಯಾವ ಸಂಖ್ಯೆ ಹಾಕಿಸಬೇಕೆಂದು ಮಗಳು ಕೇಳಿದಾಗ ಇಬ್ಬರೂ ಉತ್ತರಿಸಲಿಲ್ಲ.

ಅಕ್ಟೋಬರ್ ಕೊನೆಗೆ ಅಮ್ಮ ಬಂದಳು, ತೊಂಬತ್ತು ದಿನಕ್ಕೆ. ಚಳಿಗೆ ಮುಂಚೆ ಅಂದದ್ದು ಚಳಿಯೊಳಕ್ಕೆ ಚಾಚಿಕೊಂಡಿತು. ಬಂದ ಮೂರನೇ ದಿನಕ್ಕೆ ಡಬ್ಬಿಗಳ ಜಾಗ ಬದಲಾಯಿತು. ನನ್ನಾಕೆ ಹಲ್ಲು ಕಚ್ಚಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿ ನಕ್ಕಳು. ಇದೇ ವಾರ್ಡಿನ ಕೊಮತ್ಸುಗಾವಾದಿಂದ ಹೆಸರು ಬಂದಿರುವ ಕೊಮತ್ಸುನಾ ಎಂಬ ಸೊಪ್ಪನ್ನು ಅಮ್ಮ ಮೂಸಿ ನೋಡಿ, “ಸಾಸಿವೆ ಸೊಪ್ಪಿನ ತಮ್ಮ” ಎಂದು ತೀರ್ಪು ಕೊಟ್ಟು ಬಸ್ಸಾರು ಮಾಡಿದಳು. ಆ ಬಸ್ಸಾರಿನ ಕಡಲೆಕಾಳು ನನ್ನ ಹಲ್ಲು ಮುರಿಯಿತು.

ದಂತವೈದ್ಯರಲ್ಲಿಗೆ ಅಮ್ಮನೂ ಬಂದಳು, ಮಗನಿಗೆ ನೋವು ಅಂತ. ಸದ್ದಿಲ್ಲದ ಕೋಣೆ, ಚಪ್ಪಲಿ ಬಿಟ್ಟು ಹಾಕಿಕೊಂಡ ಸ್ಲಿಪ್ಪರು, ಯಾರಿಗೂ ಯಾರೂ ಮಾತಿಲ್ಲ. ಅಮ್ಮ ಸೆರಗು ಹೊದ್ದು ಮುದುಡಿ ಕೂತಿದ್ದಳು. ಆರು ಸಾವಿರ ಕಿಲೋಮೀಟರಿನಾಚೆ ಬಂದವಳು, ಒಂದಕ್ಷರ ತಿಳಿಯದ ಊರು. ಬಾಗಿಲು ಸರಿಯಿತು. ಗುಲಾಬಿ ಅಂಗಿಯ ನರ್ಸ್ ತಲೆಬಾಗಿ ಕರೆದಳು: “ಹೊರೆನಾರಾಶಿಪುರಾ-ಸಾಮಾ!”

ನಾನು ಏಳುವುದರೊಳಗೆ ಅಮ್ಮ ಎದ್ದು ನಿಂತಿದ್ದಳು.

“ಯಾರೋ ನಮ್ಮೂರನ್ನ ಕರೀತಾವ್ರಲ್ಲೋ,” ಅಂದಳು.